ಜೇನಿನ ಬಣ್ಣ

ದೋಹಾದ ಕ್ಯಾಂಪಿನಲ್ಲಿ, ಗಂಡಸರ ಕಕ್ಕಸಿನ ಗೋಡೆಗೆ
ಒಂದು ಚಾರ್ಟ್ ಅಂಟಿಸಿದ್ದರು.
ಎಂಟು ಹಳದಿ ಪಟ್ಟಿ, ತಿಳಿಯಿಂದ ಕಡುವಿಗೆ.
ಉಚ್ಚೆ ಹೊಯ್ಯುವಾಗ ನೋಡಿಕೊಳ್ಳಿ,
ನಿಮ್ಮದು ಯಾವ ಪಟ್ಟಿ?
ಹಿಂದಿಯಲ್ಲಿತ್ತು, ಬಂಗಾಳಿಯಲ್ಲಿತ್ತು, ನೇಪಾಳಿ, ಮಲಯಾಳ.
ಅಂಟಿಸುವ ಮೊದಲು ಅಂಚಿನಲ್ಲಿ
ಬಾಲ್‌ಪೆನ್ನಿಂದ ನಾನೊಂದು ಸಾಲು ಸೇರಿಸಿದೆ:
ನೀರು ಕುಡಿ ಮಾರಾಯ.
ಇಡೀ ಕ್ಯಾಂಪಿಗೆ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ.

ಅಲ್ಲಿ ಬಿಸಿಲಿಗೆ ಒಂದು ಮರ್ಯಾದೆಯಿತ್ತು.
ಜೂನ್ ಬಂತೆಂದರೆ ಬೆಳಿಗ್ಗೆ ಹತ್ತಕ್ಕೆ ಸೈರನ್,
ಕ್ರೇನುಗಳು ಕತ್ತೆತ್ತಿದಲ್ಲೇ ನಿಲ್ಲುತ್ತಿದ್ದವು.
ಆದರೂ ನಿಜಾಮಾಬಾದಿನ ಗಂಗಾರಾಮ್
ಪಾಳಿ ಮುಗಿಸಿ ಮಲಗಿದವನು ಏಳಲಿಲ್ಲ.
ಹೃದಯ ನಿಂತಿತು, ಎಂದು ಫಾರಮ್ಮು ತುಂಬಿದೆ.
ಯಾರ ಹೃದಯ ತಾನೇ ಕೊನೆಗೆ ನಿಲ್ಲುವುದಿಲ್ಲ?
ಸೆಕೆ ಎಂದು ಬರೆಯಲು
ಖಾನೆ ಇರಲಿಲ್ಲ.

ಹನ್ನೊಂದು ವರ್ಷದ ಮೇಲೆ ಮಾಲ್ದಾರೆಯ ಉಪಕೇಂದ್ರ.
'ಮುದ್ದವ್ವ ಸಿಸ್ಟರ್, ಬಿಸಿಲಿಂದ ತಪ್ಪಿಸಿಕೊಂಡ್ರಿ' ಎಂದರು.
ನಮ್ಮವರಿಗೆ ಚಳಿಯ ಮೇಲೆ ಎಷ್ಟು ಹೆಮ್ಮೆಯೆಂದರೆ
ಫ್ಯಾನ್ ತಂದವನು ಅದನ್ನು
ಮೈಸೂರಿನ ನೆಂಟರಿಗೆಂದು ಹೇಳಿಕೊಳ್ಳುತ್ತಾನೆ.
ಮಾರ್ಚಿನಲ್ಲಿ ನನ್ನ ಕಿಟಕಿಯ ಥರ್ಮಾಮೀಟರು ಮೂವತ್ತಾರು ತೋರಿಸಿದರೆ
ಕೆಟ್ಟಿರಬೇಕು, ಬದಲಾಯಿಸಿ, ಅನ್ನುತ್ತಾರೆ.

ಕಾಳುಮೆಣಸು ಕುಯ್ಯುವ ಕಾಲ.
ಬಳ್ಳಿ ಸಿಲ್ವರ್ ಮರದ ತಲೆಯವರೆಗೆ,
ಬಳ್ಳಿಯ ಜೊತೆ ಬೊಳ್ಕ,
ಒಂಟಿ ಬಿದಿರಿನ ಏಣಿ, ಸೊಂಟಕ್ಕೆ ಚೀಲ.
ಕೆಳಗೆ ಕಾಫಿಗೆ ನೆರಳಿತ್ತು.
ಮೇಲೆ ಅವನಿಗೆ ಇರಲಿಲ್ಲ.
ಕಿಲೋ ಲೆಕ್ಕದ ಕೂಲಿ; ನೀರು ಕುಡಿಯಲು ಇಳಿಯಬೇಕು,
ಕುಡಿದದ್ದು ಹೊಯ್ಯಲು ಮತ್ತೊಮ್ಮೆ ಇಳಿಯಬೇಕು.

ನಾನು ಹೋದಾಗ ಮರಕ್ಕೊರಗಿ ಕೂತು
ಸತ್ತುಹೋದ ತನ್ನ ನಾಯಿಯನ್ನು ಕರೆಯುತ್ತಿದ್ದ.
ಹೆಂಡ, ಅಂದ ಮೇಸ್ತ್ರಿ.
ಬಾಯಿ ಮೂಸಿದೆ. ಹೆಂಡವಿಲ್ಲ.
ಹಣೆ ಮುಟ್ಟಿದೆ. ಒಲೆಯಿಂದ ಈಗಷ್ಟೇ ಇಳಿಸಿದ ಬಾಣಲೆ,
ಒಂದು ಹನಿ ಬೆವರಿಲ್ಲ.

'ಜೆಟ್ ಹಾಕಿ' ಅಂದೆ.
ಕೆರೆಯಲ್ಲಿದ್ದದ್ದು ಹೂವಿಗೆಂದು ಎಣಿಸಿಟ್ಟ ನೀರು.
ಉತ್ತಯ್ಯ ಒಂದು ಗಳಿಗೆ ಕೆರೆ ನೋಡಿದರು,
ಒಂದು ಗಳಿಗೆ ಬೊಳ್ಕನನ್ನು,
ಆಮೇಲೆ ತಾವೇ ಓಡಿ ಪಂಪು ಎಳೆದರು.
ಚಟ್ ಚಟ್ ಚಟ್ ಎಂದು ತಿರುಗಿತು ನೀರು.
ಅಂಗಿ ಕಳಚಿ ಅದರಡಿ ಮಲಗಿಸಿದೆವು,
ನನ್ನ ಸೀರೆ, ಮೇಸ್ತ್ರಿಯ ಬೀಡಿಕಟ್ಟು, ಎಲ್ಲ ತೊಪ್ಪೆ.
ಹೆಂಗಸರು ಖಾಲಿ ಚೀಲ ಹಿಡಿದು ಬೀಸಿದರು.
'ಬಾಯಿಗೆ ಹುಯ್ಯಬೇಡಿ, ನೆತ್ತಿಗೇರುತ್ತೆ, ಮೈಗೆ, ಮೈಗೆ'
ಎಂದು ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು.

ಸಿದ್ದಾಪುರದ ಆಂಬುಲೆನ್ಸ್ ಬರುವಷ್ಟರಲ್ಲಿ
ಅವನು ಚಳಿಗೆ ನಡುಗುತ್ತಿದ್ದ.
'ನಾಯಿ ಸತ್ತು ಎಷ್ಟಾಯ್ತು ಬೊಳ್ಕ?'
'ಎರಡು ವರ್ಷ.'
ಸರಿಯುತ್ತರ.
ನನಗೆ ಅಳು ಬಂತು.

ಈಗ ಲೈನ್‌ಮನೆಯ ಗೋಡೆಗೆ ನನ್ನದೇ ಚಾರ್ಟ್,
ಅಕ್ಷರವಿಲ್ಲ, ಮೂರು ಬಾಟಲಿ ತೂಗುಬಿಟ್ಟಿದ್ದೇನೆ:
ನಿಂಬೆ ಪಾನಕ, ಕಾಡುಜೇನು, ಬೆಲ್ಲದ ಕರಿಕಾಫಿ.
ನಿನ್ನದು ಪಾನಕವೋ, ಕೆಲಸ ಮಾಡು.
ಜೇನೋ, ಏಣಿ ಇಳಿ.
ಕಾಫಿಯೋ, ನನ್ನ ಹತ್ತಿರ ಓಡಿ ಬರಬೇಡ,
ಕೂತಲ್ಲಿಂದಲೇ ಕೂಗು.
ಮೊದಲ ವಾರವೇ ಯಾರೋ ಜೇನು ಕುಡಿದು ಮುಗಿಸಿದರು.

ಒಂಬತ್ತನೇ ದಿನ, ಅವನು ಮಲಗಿದ್ದ ಸುತ್ತಿನ ಗಿಡಗಳು
ಬೆಳ್ಳಗೆ ಬಿರಿದವು. ಅಷ್ಟು ಮಾತ್ರ.
ಉಳಿದ ತೋಟ ಮೊಗ್ಗು ಬಿಗಿಹಿಡಿದು ಹೂಮಳೆ ಕಾಯುತ್ತಿತ್ತು.
ಅರ್ಧ ನೀರಿನ ಹೂ, ಕಾಯಿ ಕಚ್ಚೋದಿಲ್ಲ, ಅಂದರು ಉತ್ತಯ್ಯ.
ಆದರೂ ಸಂಜೆ ಕೋಲು ಹಿಡಿದು ಅಲ್ಲಿಗೇ ನಡೆಯುತ್ತಾರೆ,
ಹನ್ನೊಂದಾದರೆ ತಟ್ಟೆ ಬಡಿಸುತ್ತಾರೆ.

ಇವತ್ತು ಮರದ ಹಿಂದಿನಿಂದ ಬೊಳ್ಕ ಕೂಗಿದ:
'ಸಿಸ್ಟರ್, ಪಾನಕ!'
ರಸ್ತೆಯಲ್ಲಿ ಪ್ರವಾಸಿಗರ ಜೀಪು ನಿಂತಿತು.
ಕನ್ನಡಕದ ಹುಡುಗನೊಬ್ಬ ತಲೆ ಹೊರಹಾಕಿ ಕೇಳಿದ,
ಗ್ಲಾಸಿಗೆ ಎಷ್ಟು?